ಅಜ್ಜನ ದ್ರಾಕ್ಷಿ ಗೊಂಚಲು

ವ್ಯಾಪಾರಸ್ಥರ ಮನೆಗೆ ಹೆಸರೂ ಒಂದು ಬಂಡವಾಳವೇ. ಜತ್ತದ ನಮ್ಮ ಒಣದ್ರಾಕ್ಷಿ ಅಂಗಡಿಗೆ ಆ ಹೆಸರಿನ ಗುರುತೆಂದರೆ ಅಜ್ಜ ಮಸಿಯಲ್ಲಿ ಬರೆದಿಟ್ಟ ದ್ರಾಕ್ಷಿ ಗೊಂಚಲು. ಕಳೆದ ದೀಪಾವಳಿಗೆ ಅದರ ಫೋಟೋ ಮೊಬೈಲಿನಲ್ಲಿ ತೆಗೆದು ಡಬ್ಬಿಗಳ ಮೇಲೆ ಅಚ್ಚು ಹಾಕಿಸಿದೆವು. 500 ಡಬ್ಬಿ ಬಂದವು. ಎಲ್ಲದರ ಮೇಲೂ ಗೊಂಚಲು ಮಸುಕು. ಹಣಕ್ಕಿಂತ ಹೆಚ್ಚಿನ ಚಿಂತೆ ಬೇರೆ ಇತ್ತು: ಮೂಲ ಕಾಗದದ ಅಂಚು ಆಗಲೇ ಪುಡಿಯಾಗತೊಡಗಿತ್ತು.

ತಪ್ಪು ನಮ್ಮದೇ. ಫೋಟೋ ಎಂಬುದು ಬಣ್ಣದ ಸಣ್ಣ ಚೌಕಗಳ ರಾಶಿ, ಹಿಗ್ಗಿಸಿದರೆ ಮಸುಕಾಗುತ್ತದೆ. ವೆಕ್ಟರ್ ಚಿತ್ರದಲ್ಲಿ ಗೆರೆಯ ಲೆಕ್ಕ ಮಾತ್ರ ಇರುತ್ತದೆ: ಚುಕ್ಕಿ ಎಲ್ಲಿದೆ, ಗೆರೆ ಎತ್ತ ಬಾಗುತ್ತದೆ ಎಂದು. ಚೀಟಿಗೂ ಅಂಗಡಿಯ ಬೋರ್ಡಿಗೂ ಅದೇ ಚಿತ್ರ ಸಾಕು. ಈ ಬಾಗಿನ ಲೆಕ್ಕವನ್ನು 1960ರ ಆಸುಪಾಸಿನಲ್ಲಿ ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ, ಸಿಟ್ರೊಯೆನ್‌ನ ಕಾಸ್ಟಲ್‌ಜೊ ಮತ್ತು ರೆನೊದ ಬೆಜಿಯೆ, ಬೇರೆ ಬೇರೆಯಾಗಿ ರೂಪಿಸಿದರು.

ಇಂಕ್‌ಸ್ಕೇಪ್ ಎಂಬ ತಂತ್ರಾಂಶ 2003ರಿಂದ ಉಚಿತವಾಗಿ ಸಿಗುತ್ತಿದೆ. ಅದನ್ನೇ ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಂಡೆವು. ಸೂರ್ಯಾಸ್ತದೊಳಗೆ ಊಟ ಮುಗಿಸಿ, ಅಂಗಡಿ ಮುಚ್ಚಿದ ಮೇಲೆ ದಿನಕ್ಕೊಂದು ತಾಸು ಅಭ್ಯಾಸ. ಮೊದಲು ಸುಲಭದ ದಾರಿ ಹಿಡಿದು, ಫೋಟೋವನ್ನು ತಾನಾಗಿಯೇ ಗೆರೆಯಾಗಿಸುವ ‘ಟ್ರೇಸ್’ ಒತ್ತಿದೆವು. ಎಲೆಯೊಂದರ ಅಂಚಿಗೇ ನೂರಾರು ಚುಕ್ಕಿ! ಒಂದನ್ನು ಸರಿಸಿದರೆ ಅಲ್ಲೊಂದು ಗಂಟು. ಪಕ್ಕದಲ್ಲಿ ಕುಳಿತಿದ್ದ ಅವ್ವ ನಕ್ಕಳು: “ಅಲ್ಲೋ ತಮ್ಮಾ, ಬಳ್ಳಿ ಬರಿಯಾಕ ಇಷ್ಟ್ಯಾಕ ಚುಕ್ಕಿ? ಗೆರಿ ಹೊಳ್ಳೂ ಕಡೆ ಒಂದೊಂದ ಇಟ್ರ ಸಾಕಲ್ಲ.”

ಪುಸ್ತಕಗಳು ಹೇಳುವ ಮಾತೂ ಅದೇ. ಎಲ್ಲವನ್ನೂ ಅಳಿಸಿ, ಫೋಟೋವನ್ನು ಕೆಳಗಿನ ಪದರದಲ್ಲಿಟ್ಟು ಬೀಗ ಹಾಕಿ, ಮೇಲಿನ ಪದರದಲ್ಲಿ ಪೆನ್ ಹಿಡಿದು ಹೊಸದಾಗಿ ಬರೆದೆವು. ಎಲೆಗೆ 14 ಚುಕ್ಕಿ ಸಾಕಾಯಿತು. ಚುಕ್ಕಿಯ ಎರಡು ಬದಿಯ ಹಿಡಿಕೆಗಳನ್ನು ಎಳೆದರೆ ಗೆರೆ ಬಾಗುತ್ತದೆ. ಹಣ್ಣಿಗೆ ಒಂದೇ ವೃತ್ತ ಬರೆದು ಪ್ರತಿ ಮಾಡಿದೆವು. “ಮಾವಾರ ಹಣ್ಣು ಹಿಂಗ ಒಂದ ಅಳತಿ ಇರಲಿಲ್ಲ” ಎಂದಳು ಅವ್ವ. ಅಜ್ಜನಂತೆ ಒಂದೊಂದನ್ನೂ ತುಸು ಓರೆ ಮಾಡಲು ಮತ್ತೆ ಮೂರು ರಾತ್ರಿ ಹಿಡಿಯಿತು.

ಕಲಿಯುವವರಿಗೆ ಎರಡು ಮಾತು. ಅಂಗಡಿಯ ಹೆಸರನ್ನು ಅಚ್ಚಿಗೆ ಕೊಡುವ ಮುನ್ನ ಅಕ್ಷರಗಳನ್ನು ಗೆರೆಯ ಆಕೃತಿಗೆ ಬದಲಿಸಿರಿ. ಅವರಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ ನಮ್ಮ ಒತ್ತಕ್ಷರಗಳು ಕೆಡಬಹುದು. ಬದಲಿಸದ ಪ್ರತಿಯೊಂದು ಮನೆಯಲ್ಲಿರಲಿ, ಮುಂದೆ ತಿದ್ದಲು ಬೇಕಾಗುತ್ತದೆ. ಪರದೆಯ ಬಣ್ಣವೇ ಕಾಗದಕ್ಕೆ ಬರುವುದಿಲ್ಲವಾದ್ದರಿಂದ ಮೊದಲು ಒಂದೇ ಮಾದರಿ ತೆಗೆಸಿ ನೋಡಿರಿ. 500 ಡಬ್ಬಿ ಕೆಡಿಸಿ ನಾವು ಕಲಿತ ಪಾಠವಿದು.

ನಿಮ್ಮ ಗಲ್ಲಾಪೆಟ್ಟಿಗೆಯಲ್ಲೂ ಹಿರಿಯರ ಕೈಯ ಇಂಥದೊಂದು ಮುದ್ರೆ ಇರಬಹುದು. ಕಾಗದ ಗಟ್ಟಿಯಿರುವಾಗಲೇ ಹೊರತೆಗೆಯಿರಿ. ಅದನ್ನು ಕಂಡವರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಿರಿ.