ಕಾವು ಕೊಡುವವರು ಕಾಳು ಹಾಕುವುದು ಯಾವಾಗ?

ಇನ್‌ಕ್ಯುಬೇಟರ್ ಎಂದರೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆ. ಈಗ ಅದೇ ಹೆಸರಿಟ್ಟುಕೊಂಡು ನಮ್ಮ ಕಾಲೇಜುಗಳು ಉದ್ಯಮಿಗಳನ್ನು ಹುಟ್ಟಿಸಲು ಹೊರಟಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2013-14ರಲ್ಲಿ ಸಮುದಾಯ ಕಾಲೇಜುಗಳ ಯೋಜನೆ ತಂದಿತು. ಕರ್ನಾಟಕ ಸರಕಾರ 2015ರಲ್ಲಿ ಸ್ಟಾರ್ಟ್‌ಅಪ್ ನೀತಿ ರೂಪಿಸಿ, ಬೆಂಗಳೂರಿನಾಚೆಯ ಕಾಲೇಜುಗಳಲ್ಲಿಯೂ ಉದ್ಯಮ ಪೋಷಣಾ ಕೇಂದ್ರಗಳನ್ನು ತೆರೆಯಲು ಮುಂದಾಯಿತು. ಮುಂದೆ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರಕಾರಿ ಐಟಿಐಗಳಿಗೆ ಹೊಸ ಯಂತ್ರಗಳನ್ನು ತರಿಸಿತು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್ ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದೆ. ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ನಮ್ಮ ಪ್ರಶ್ನೆ ಒಂದೇ: ಈ ಕೇಂದ್ರಗಳ ಬಾಗಿಲು ಯಾರಿಗೆ ತೆರೆದಿದೆ?

ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳಿ ಫಲವಿಲ್ಲ. ಅಥಣಿ ತಾಲೂಕಿನ ಕೊಕಟನೂರಿನಂಥ ಊರಿನಲ್ಲಿ ನಿಂತು ಕೇಳಬೇಕು. ಇದು ಯಲ್ಲಮ್ಮನ ಜಾತ್ರೆಗೆ ಹೆಸರಾದ ಊರು. ಪಶುವೈದ್ಯಕೀಯ ಕಾಲೇಜೂ ಇಲ್ಲಿಗೆ ಬಂದಿದೆ. ಸುತ್ತಲೂ ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ. ಆದರೆ ಈ ಗಡಿ ಸೀಮೆಯ ಹುಡುಗ ದುಡಿಮೆಗೆಂದು ಬಸ್ಸು ಹತ್ತುವುದು ಮಿರಜ, ಇಚಲಕರಂಜಿ, ಕೊಲ್ಲಾಪುರದ ಕಡೆಗೆ. ಅಲ್ಲಿ ಮಗ್ಗವಿದೆ, ಫೌಂಡ್ರಿಯಿದೆ. ಇಂಥ ಊರಿನಲ್ಲಿ ಉದ್ಯಮ ಕೇಂದ್ರ ತೆರೆಯುವುದಾದರೆ ಅದು ಕಂಪ್ಯೂಟರ್ ಸಾಲುಗಳಿಂದ ಶುರುವಾಗಬೇಕೋ, ಊರಿನಲ್ಲಿ ಈಗಾಗಲೇ ಇರುವ ಕೈಗಳಿಂದಲೋ?

ಇಲ್ಲಿ ಎಂಥ ಕೈಗಳಿವೆ ಎಂಬುದನ್ನು ಜಗತ್ತು ಈಚೆಗೆ ನೋಡಿತು. ಕೊಲ್ಲಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಗಳನ್ನು ಅಥಣಿ, ನಿಪ್ಪಾಣಿ ಭಾಗದ ಸಮಗಾರ ಕುಟುಂಬಗಳು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ಚರ್ಮ. ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿದ ಅಟ್ಟೆ. ಮೇಲಿನ ಹೆಣಿಗೆ ಬಹುಮಟ್ಟಿಗೆ ಹೆಂಗಸರದು. 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ, ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯನ್ನು ಮೂಲದ ಹೆಸರೆತ್ತದೆ ಮೆರೆಸಿತು. ಇಲ್ಲಿಂದ ಆಕ್ಷೇಪ ಎದ್ದ ಮೇಲೆಯೇ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು, 2,000 ಜೊತೆಗಳನ್ನು ಸುಮಾರು 800 ಯೂರೋ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ನಮ್ಮ ಹಣದಲ್ಲಿ ಅದು ಎಂಬತ್ತು ಸಾವಿರ ರೂಪಾಯಿಗೂ ಹೆಚ್ಚಿನ ಮಾತು! ಊರ ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಚೌಕಾಸಿ ನಡೆಯುವ ಚಪ್ಪಲಿ ಇದೇ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನಾವೀನ್ಯತೆ ಕಲಿಸುತ್ತೇವೆ ಎನ್ನುವವರು ಮೊದಲು ಇದಕ್ಕೆ ಉತ್ತರಿಸಲಿ: ಮಿಲಾನಿನವರ ಕಣ್ಣಿಗೆ ಬಿದ್ದ ವಿದ್ಯೆ ಪಕ್ಕದ ಕಾಲೇಜಿನ ಕಣ್ಣಿಗೆ ಏಕೆ ಬೀಳಲಿಲ್ಲ? ಸಮಗಾರ ಕಸುಬುದಾರನೊಬ್ಬ ಯಾವ ಕಾಲೇಜಿನಲ್ಲಿ ಕುರ್ಚಿ ಎಳೆದುಕೊಂಡು ಕೂತು ಪಾಠ ಹೇಳಿದ್ದಾನೆ? ಅವನ ವಿದ್ಯೆಗೆ ಅಂಕಪಟ್ಟಿ ಇಲ್ಲ, ಅವನ ಜಾತಿಗೆ ಗೌರವ ಇಲ್ಲ. ಚರ್ಮ ಮುಟ್ಟುವವನನ್ನು ದೂರ ಇಟ್ಟ ಸಮಾಜ ಅವನು ಹೊಲಿದ ಚಪ್ಪಲಿಯನ್ನು ಮಾತ್ರ ಹೆಮ್ಮೆಯಿಂದ ಮೆಟ್ಟುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ಇದೇ ಅಥಣಿಯಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ಮಧುರಾ ಛತ್ರಪತಿಯವರ ಅಸೆಂಟ್ ಸಂಸ್ಥೆ ಕುಶಲಕರ್ಮಿಗಳ ನಡುವೆ ಕೆಲಸಕ್ಕಿಳಿಯಿತು. ಹೆಂಗಸರು ಸ್ವಸಹಾಯ ಗುಂಪು ಕಟ್ಟಿಕೊಂಡರು. ಹೊಸ ವಿನ್ಯಾಸ, ಅಳತೆಯಲ್ಲಿ ಶಿಸ್ತು, ಲೆಕ್ಕಪತ್ರ, ಹೊರದೇಶದ ಗಿರಾಕಿ - ಎಲ್ಲವನ್ನೂ ಒಂದೊಂದಾಗಿ ಕಲಿತರು. ಟೋಹೋಲ್ಡ್ ಎಂಬ ತಮ್ಮದೇ ಹೆಸರಿನಲ್ಲಿ ಚಪ್ಪಲಿಗಳನ್ನು ವಿದೇಶಕ್ಕೆ ಕಳಿಸಿದರು. ಸ್ಟಾರ್ಟ್‌ಅಪ್ ಎಂಬ ಶಬ್ದ ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲದ ಕಾಲ ಅದು. ಅಲ್ಲಿ ಕಲಿಕೆ ಕಸುಬುದಾರರಿದ್ದಲ್ಲಿಗೆ ಹೋಯಿತು. ಕಸುಬುದಾರರು ಅರ್ಜಿ ಹಿಡಿದು ಕಲಿಕೆಯ ಬಾಗಿಲಿಗೆ ಬರಬೇಕಾಗಲಿಲ್ಲ.

‘ಹತ್ತನೆಯ ತರಗತಿ ದಾಟದವರಿಗೆ ಕಾಲೇಜಿನಲ್ಲಿ ಏನು ಕೆಲಸ?’ ಎಂದು ಕೆಲವರು ಕೇಳಬಹುದು. ಸಮುದಾಯ ಕಾಲೇಜು ಎಂಬ ಕಲ್ಪನೆಯೇ ಈ ಪ್ರಶ್ನೆಗೆ ಉತ್ತರವಾಗಿ ಬೆಳೆದದ್ದು. ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಇಂಥ ಕಾಲೇಜುಗಳು ಮುಂದೆ ಹಗಲು ದುಡಿದು ಸಂಜೆ ಕಲಿಯುವವರ ಆಸರೆಯಾದವು. ನಮ್ಮಲ್ಲೂ ಕಸುಬು ಬಲ್ಲವರ ಪೂರ್ವ ಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು 2015ರಿಂದ ಕೌಶಲ ಯೋಜನೆಯಲ್ಲಿದೆ. 2023ರಲ್ಲಿ ಬಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆಯೂ ಒಂದು. ಕಾಗದದ ಮೇಲೆ ಎಲ್ಲವೂ ಇದೆ. ಆದರೆ ಪ್ರಮಾಣಪತ್ರವನ್ನು ಗೋಡೆಗೆ ನೇತುಹಾಕಿದರೆ ಚರ್ಮದ ಅಂಗಡಿಯವನು ಉದ್ರಿ ಕೊಡುತ್ತಾನೆಯೇ?

ಇದು ಚಪ್ಪಲಿಯವರ ಕತೆ ಮಾತ್ರವಲ್ಲ. ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಜೋಡಿಸುವ ಹುಡುಗ, ವೆಲ್ಡಿಂಗ್ ಮಾಡುವವನು, ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳು, ನಿಪ್ಪಾಣಿಯ ಬೀಡಿ ಕಾರ್ಮಿಕಳು - ಇವರೆಲ್ಲರ ಕತೆಯೂ ಹೌದು. ಮುಸ್ಲಿಮರು ಸ್ವಯಂ ಉದ್ಯೋಗದಲ್ಲಿ ಹೆಚ್ಚಿದ್ದಾರೆ, ಬ್ಯಾಂಕ್ ಸಾಲದಲ್ಲಿ ಮಾತ್ರ ಹಿಂದಿದ್ದಾರೆ ಎಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ದಲಿತ ಕಸುಬುದಾರನ ಪಾಡೂ ಇದಕ್ಕಿಂತ ಬೇರೆಯಲ್ಲ. ಇವರು ಮೊಟ್ಟೆಯೊಳಗಿನ ಜೀವಗಳಲ್ಲ; ಎಂದೋ ಹೊರಬಂದು ಬೀದಿಯಲ್ಲಿ ಕೆದಕಿ ತಿನ್ನುತ್ತಿರುವ ಮರಿಗಳು. ಇವರಿಗೆ ಬೇಕಾದದ್ದು ಕಾವಲ್ಲ, ಕಾಳು.

ಆದ್ದರಿಂದ ಗಡಿಯ ತಾಲೂಕುಗಳಲ್ಲಿ ಉದ್ಯಮ ಕೇಂದ್ರ ತೆರೆಯುವವರ ಮುಂದೆ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಕಸುಬುದಾರನನ್ನು ವಿದ್ಯಾರ್ಥಿಯಾಗಿ ಅಲ್ಲ, ಸಂಬಳದ ಗುರುವಾಗಿ ಕರೆಯಿರಿ. ಪಾಠ ಕನ್ನಡದಲ್ಲಿರಲಿ, ಮರಾಠಿ ಮಾತನಾಡುವವರಿಗೂ ತಿಳಿಯುವಂತಿರಲಿ. ಬಾಗಿಲು ಸಂಜೆಯೂ ತೆರೆದಿರಲಿ. ಕಚ್ಚಾಮಾಲು ಕೊಳ್ಳಲು ಸಾಲ, ಮಾಲಿಗೆ ಗಿರಾಕಿ, ಗಿರಾಕಿಯಿಂದ ಸಕಾಲಕ್ಕೆ ಹಣ - ಈ ಮೂರನ್ನು ಕೊಡಿಸುವ ಹೊಣೆ ಕೇಂದ್ರದ್ದಾಗಲಿ. ದನದ ರೋಗ ಬಲ್ಲ ಪಶುವೈದ್ಯನೂ, ಅದರ ಚರ್ಮದ ಗುಣ ಬಲ್ಲ ಸಮಗಾರನೂ ಒಂದೇ ಜಮಖಾನೆಯ ಮೇಲೆ ಕೂರಲಿ. ವರ್ಷದ ಕೊನೆಗೆ ಎಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂಬ ಲೆಕ್ಕ ನಮಗೆ ಬೇಡ. ಎಷ್ಟು ಮನೆಗಳ ಗಳಿಕೆ ಏರಿತು, ಎಷ್ಟು ಹುಡುಗರು ಮಿರಜದ ಬಸ್ಸು ಬಿಟ್ಟು ಊರಲ್ಲೇ ನಿಂತರು ಎಂಬ ಲೆಕ್ಕ ಕೊಡಿ. ಅದನ್ನು ಕೊಡಲಾಗದಿದ್ದರೆ ಆ ಕೇಂದ್ರದಿಂದ ಉದ್ಧಾರವಾಗುವವನು ಕಟ್ಟಡದ ಗುತ್ತಿಗೆದಾರ ಮಾತ್ರ.