ಮೊದಲ ಪಂಕ್ತಿಯಲ್ಲಿ ಕುಳಿತೂ ಹಸಿದವರು

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಅಮೆರಿಕದಲ್ಲಿರುವ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದರು. ಮಗ ಡೆಟ್ರಾಯಿಟ್ ಪಟ್ಟಣದ ಹತ್ತಿರ ಮೋಟಾರು ಕಂಪನಿಯಲ್ಲಿ ಇಂಜಿನಿಯರು. ಅಲ್ಲಿಯ ಚಳಿಯ ವಿಚಾರ, ಮೊಮ್ಮಗನ ಕನ್ನಡದ ವಿಚಾರ ಎಲ್ಲ ಹೇಳಿ ಮುಗಿಸಿದ ಮೇಲೆ ನನಗೊಂದು ಪ್ರಶ್ನೆ ಹಾಕಿದರು.

“ಅಲ್ಲಯ್ಯ, ಆಟದ ವಿಷಯ ಬರೆಯುತ್ತೀಯಲ್ಲ, ಇದನ್ನು ಹೇಳು. ಆ ಊರಿನ ಫುಟ್‌ಬಾಲ್ ತಂಡಕ್ಕೆ ಒಳ್ಳೊಳ್ಳೆಯ ಹುಡುಗರನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳುವ ಅವಕಾಶ ಎಷ್ಟೋ ವರ್ಷ ಸಿಕ್ಕಿತಂತೆ. ಆದರೂ ಸೋತದ್ದೇ ಸೋತದ್ದಂತೆ. ಮಗನ ಆಫೀಸಿನಲ್ಲಿ ವಯಸ್ಸಾದವರೆಲ್ಲ ಇದನ್ನೇ ಹೇಳಿಕೊಂಡು ನಿಟ್ಟುಸಿರು ಬಿಡುತ್ತಾರೆ. ಇದು ಹೇಗೆ?”

ಪ್ರಶ್ನೆ ಚೆನ್ನಾಗಿದೆ. ಉತ್ತರ ಸ್ವಲ್ಪ ಉದ್ದ. ವಾಚಕರು ಸೈರಿಸಿಕೊಳ್ಳಬೇಕು.

ಮೊದಲು ಆಟ. ಇದು ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು; ಒಂದೊಂದು ಕಡೆ ಹನ್ನೊಂದು ಜನ; ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ದೂರ ಓಡಿ ಅದನ್ನು ಹಿಡಿಯುವವನು ರಿಸೀವರ್. ಹೊಟ್ಟೆಗೆ ಅವುಚಿಕೊಂಡು ಗುಂಪಿನೊಳಗೆ ನುಗ್ಗುವವನು ರನ್ನಿಂಗ್ ಬ್ಯಾಕ್. ಇಂಥವರಿಗೆ ಅಮೆರಿಕದವರು ‘ಸ್ಕಿಲ್ ಪ್ಲೇಯರ್’ ಎನ್ನುತ್ತಾರೆ. ಇವರ ಮುಂದೆ ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುವ ಐದು ಜನ ದಢಿಯರಿಗೆ ಆ ಬಿರುದಿಲ್ಲ. ಅವರಿಗೆ ಕೌಶಲವೇ ಇಲ್ಲವೋ ಎಂಬಂತೆ! ಮದುವೆಮನೆಯಲ್ಲಿ ಅಡುಗೆಭಟ್ಟರ ಹೆಸರು ಯಾರು ಕೇಳುತ್ತಾರೆ, ಹಾಗೆ.

ಇನ್ನು ಆಯ್ಕೆ. ನಮ್ಮ ಐ.ಪಿ.ಎಲ್. ಕ್ರಿಕೆಟ್ಟಿನಲ್ಲಿ ಹರಾಜು ಉಂಟಷ್ಟೆ. ಅಮೆರಿಕದ ಫುಟ್‌ಬಾಲಿನಲ್ಲಿ ಹರಾಜಿಲ್ಲ, ಸರದಿ. ಕಾಲೇಜು ತಂಡಗಳಿಂದ ಹೊರಬರುವ ಹುಡುಗರನ್ನು 32 ತಂಡಗಳು ಒಂದಾದ ಮೇಲೊಂದು ಹೆಸರು ಹಿಡಿದು ಕರೆದುಕೊಳ್ಳುತ್ತವೆ. ಹೀಗೆ ಏಳು ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಕರೆ; ಗೆದ್ದವರಿಗೆ ಕಡೆಯ ಕರೆ. ಬಡವನಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕುವ ಪದ್ಧತಿ ಎನ್ನಿ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಬರ್ಟ್ ಬೆಲ್ ಎಂಬವರ ಸೂಚನೆಯಂತೆ 1936ರಲ್ಲಿ ಶುರುವಾಯಿತು. ಬೆಲ್ ಅವರದೇ ಫಿಲಡೆಲ್ಫಿಯಾ ತಂಡ ಆಗ ತೀರ ಕೆಳಗಿತ್ತೆಂಬುದನ್ನೂ ಹೇಳಿಬಿಡಬೇಕು. ಮೊಟ್ಟಮೊದಲು ಕರೆಸಿಕೊಂಡ ಹುಡುಗ ಜೇ ಬರ್ವಾಂಗರ್. ಅವನು ಈ ತಂಡಗಳಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಸಂಬಳ ಒಗ್ಗದೆ ವ್ಯಾಪಾರಕ್ಕೆ ಹೊರಟುಹೋದ. ಬೋಣಿಯೇ ಹಾಗಾಯಿತು.

ಈಗ ಡೆಟ್ರಾಯಿಟ್ ಲಯನ್ಸ್, ಅಂದರೆ ಡೆಟ್ರಾಯಿಟಿನ ಸಿಂಹಗಳ ಕಥೆ. 1935, 1952, 1953 ಮತ್ತು 1957ರಲ್ಲಿ ರಾಷ್ಟ್ರಕ್ಕೆಲ್ಲ ಮೊದಲಿಗರಾದ ತಂಡ. ಆಮೇಲೆ 2023ರ ಕೊನೆಯ ವರೆಗೆ, ಪ್ಲೇಆಫ್ ಎನ್ನುವ ಅಂತಿಮ ಸುತ್ತುಗಳಲ್ಲಿ ಗೆದ್ದದ್ದು ಒಂದೇ ಒಂದು ಪಂದ್ಯ, 1992ರ ಜನವರಿಯಲ್ಲಿ. ಇದರಲ್ಲಿ ಬಹಳ ಕಹಿಯಾದ ಕಾಲ 2001ರಿಂದ 2008ರ ವರೆಗಿನದು.

ಮಾಲೀಕ ವಿಲಿಯಂ ಕ್ಲೇ ಫೋರ್ಡ್ ಅವರು 2001ರಲ್ಲಿ ಮ್ಯಾಟ್ ಮಿಲನ್ ಎಂಬವರಿಗೆ ತಂಡದ ಯಜಮಾನಿಕೆ ಒಪ್ಪಿಸಿದರು. ಮಿಲನ್ ಸಾಮಾನ್ಯರಲ್ಲ. ಆಡುವ ಕಾಲದಲ್ಲಿ ನಾಲ್ಕು ಬಾರಿ ಸೂಪರ್ ಬೌಲ್ ಗೆದ್ದ ತಂಡಗಳಲ್ಲಿದ್ದವರು. ಟೆಲಿವಿಷನ್ನಿನಲ್ಲಿ ಸೊಗಸಾಗಿ ಆಟದ ವಿವರಣೆ ಹೇಳುತ್ತಿದ್ದವರು. ತಂಡ ಕಟ್ಟುವ ಕೆಲಸವನ್ನು ಮಾತ್ರ ಎಂದೂ ಮಾಡಿದವರಲ್ಲ. 2002ರಲ್ಲಿ ಮೂರನೆಯ ಕರೆಯಲ್ಲಿ ಜೋಯಿ ಹ್ಯಾರಿಂಗ್ಟನ್ ಎಂಬ ಕ್ವಾರ್ಟರ್‌ಬ್ಯಾಕನ್ನು ತಂದರು. ಎಸೆಯುವವನು ಸಿಕ್ಕ ಮೇಲೆ ಹಿಡಿಯುವವರು ಬೇಡವೆ? 2003ರಲ್ಲಿ ಎರಡನೆಯ ಕರೆಗೆ ಚಾರ್ಲ್ಸ್ ರೋಜರ್ಸ್, 2004ರಲ್ಲಿ ಏಳನೆಯ ಕರೆಗೆ ರಾಯ್ ವಿಲಿಯಮ್ಸ್, 2005ರಲ್ಲಿ ಹತ್ತನೆಯ ಕರೆಗೆ ಮೈಕ್ ವಿಲಿಯಮ್ಸ್. ಮೂರು ವರ್ಷ, ಮೂವರು ರಿಸೀವರುಗಳು, ಮೂವರೂ ಮೊದಲ ಸುತ್ತಿನಲ್ಲಿ. ಅಕ್ಕಿ ಬೇಳೆ ತರಬೇಕಾದವರು ಮೂರು ಸಲ ಸಂತೆಗೆ ಹೋಗಿ ಮೂರು ಸಲವೂ ಬೆಳ್ಳಿ ಲೋಟ ತಂದ ಹಾಗಾಯಿತು.

ಬಿಟ್ಟುಬಂದದ್ದು ಏನೆಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ರೋಜರ್ಸನ ಹಿಂದೆಯೇ ಮೂರನೆಯವನಾಗಿ ಹ್ಯೂಸ್ಟನ್ನಿಗೆ ಹೋದ ಆಂಡ್ರೆ ಜಾನ್‌ಸನ್, ಅವನೂ ರಿಸೀವರೇ, 2024ರಲ್ಲಿ ಆಟದ ಕೀರ್ತಿಮಂದಿರ ಸೇರಿದ. ಮೈಕ್ ವಿಲಿಯಮ್ಸನ ಹಿಂದೆಯೇ ಹನ್ನೊಂದನೆಯವನಾಗಿ ಡಲ್ಲಾಸಿಗೆ ಹೋದ ಡಿಮಾರ್ಕಸ್ ವೇರ್ ಅವನಿಗಿಂತ ಒಂದು ವರ್ಷ ಮೊದಲೇ ಸೇರಿದ. ಅದೇ 2005ರಲ್ಲಿ ಇಪ್ಪತ್ನಾಲ್ಕನೆಯ ಕರೆಯ ತನಕ ಕಾದು ಕುಳಿತಿದ್ದ ಏರನ್ ರಾಡ್ಜರ್ಸ್, ಪಕ್ಕದ ಗ್ರೀನ್ ಬೇ ತಂಡಕ್ಕೆ ಹೋಗಿ ವರ್ಷವರ್ಷವೂ ಡೆಟ್ರಾಯಿಟಿಗೇ ಬಂದು ಕಾಡಿದ. ಆ ವರ್ಷದ ಡಿಸೆಂಬರಿನಲ್ಲಿ ಊರಿನವರು ಮಿಲನ್ ತೊಲಗಲೆಂದು ಮೆರವಣಿಗೆಯನ್ನೇ ಹೊರಡಿಸಿದರು. ಹ್ಯಾರಿಂಗ್ಟನ್ನನೂ ನಿಲ್ಲಲಿಲ್ಲ. ನಾಲ್ಕು ವರ್ಷದಲ್ಲಿ ತರಬೇತುಗಾರರು ಬದಲಾಗುತ್ತ ಹೋದರು. ಒಬ್ಬರು ಕಲಿಸಿದ್ದನ್ನು ಇನ್ನೊಬ್ಬರು ಮರೆಸಿದರು. 2006ರಲ್ಲಿ ಅವನನ್ನು ಮಯಾಮಿಗೆ ಸಾಗಹಾಕಿದರು. ಅದೇ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಅವನು ಮಯಾಮಿಯ ಅಂಗಿ ತೊಟ್ಟು ಡೆಟ್ರಾಯಿಟಿಗೇ ಬಂದು, 27-10ರಿಂದ ಹಳೆಯ ಯಜಮಾನರನ್ನು ಸೋಲಿಸಿ ಹೋದ.

ಇಷ್ಟರಿಂದ ಮಿಲನ್ನರಿಗೆ ಕಣ್ಣೇ ಇರಲಿಲ್ಲವೆಂದು ತೀರ್ಮಾನಿಸುವುದು ಸುಲಭ. ಹಿರಿಯರ ಮಗನ ಆಫೀಸಿನವರೂ ಹಾಗೆಯೇ ಹೇಳುತ್ತಿರಬೇಕು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. 2001ರಲ್ಲಿ ಅವರು ಮೊದಲು ಆರಿಸಿದ್ದು ಗೋಡೆಗೆ ನಿಲ್ಲುವ ಜೆಫ್ ಬ್ಯಾಕಸನನ್ನು. ಆತ ಹನ್ನೆರಡು ವರ್ಷ ಅದೇ ತಂಡದಲ್ಲಿ ದುಡಿದ. ರಾಯ್ ವಿಲಿಯಮ್ಸ್ 2006ರಲ್ಲಿ 1,310 ಗಜ ಗಳಿಸಿದ. 2007ರಲ್ಲಿ ಎರಡನೆಯ ಕರೆಗೆ ತಂದ ಕ್ಯಾಲ್ವಿನ್ ಜಾನ್‌ಸನ್ ಅಂತೂ ಅಪ್ಪಟ ಚಿನ್ನ. 2008ರಲ್ಲಿ ಆತ ಹನ್ನೆರಡು ಬಾರಿ ಚೆಂಡನ್ನು ಗೆರೆ ದಾಟಿಸಿದ. ಅದೇ 2008ರಲ್ಲಿ ಡೆಟ್ರಾಯಿಟ್ ಹದಿನಾರು ಪಂದ್ಯ ಆಡಿ ಹದಿನಾರನ್ನೂ ಸೋತಿತು! ಅಲ್ಲಿಯ ವರೆಗೆ ಯಾರೂ ಹಾಗೆ ಸೋತಿರಲಿಲ್ಲ. ಮಿಲನ್ನರನ್ನು ಆ ಸೆಪ್ಟೆಂಬರಿನಲ್ಲಿ ಮನೆಗೆ ಕಳಿಸಿದ್ದರು. ಅವರ ಲೆಕ್ಕ 31 ಗೆಲುವು, 84 ಸೋಲು. ಚಿನ್ನ ಸಿಕ್ಕಿದಾಗಲೂ ಗತಿ ಇದೇ ಆದ ಮೇಲೆ, ದೋಷ ಆರಿಸುವ ಕಣ್ಣಿನದು ಮಾತ್ರವೆ?

ರೋಜರ್ಸನ ವಿಚಾರ ತೆಗೆದುಕೊಳ್ಳಿ. ಅವನು ಪರವೂರಿನ ಹುಡುಗನಲ್ಲ. ಅದೇ ಮಿಷಿಗನ್ ರಾಜ್ಯದ ಸ್ಯಾಗಿನಾ ಊರಿನವನು, ಅಲ್ಲಿಯ ಕಾಲೇಜಿನಲ್ಲೇ ಆಡಿದವನು. ಸಿಂಹಗಳು ಅವನ ಹೆಸರು ಕರೆದ ದಿನ ಆ ರಾಜ್ಯಕ್ಕೆಲ್ಲ ಹಬ್ಬ. ಐದು ಪಂದ್ಯ ಆಡುವಷ್ಟರಲ್ಲಿ, ಅಭ್ಯಾಸದ ವೇಳೆ ಕೊರಳೆಲುಬು ಮುರಿಯಿತು. ಮುಂದಿನ ವರ್ಷ ಚೇತರಿಸಿಕೊಂಡು ಬಂದ. ಮೊದಲ ಪಂದ್ಯ, ಮೂರನೆಯ ಪಟ್ಟು, ಮತ್ತೆ ಕೊರಳೆಲುಬು! ಎರಡನೆಯ ಸಾರಿ ತಂಡದವರು, ವಾಸಿಯಾಗುವ ವರೆಗೆ ಊರಲ್ಲಿರು ಎಂದು ಹುಡುಗನನ್ನು ಮನೆಗೆ ಕಳಿಸಿಬಿಟ್ಟರು. ಕೈಯಲ್ಲಿ ಲಕ್ಷಾಂತರ ಡಾಲರು, ವಯಸ್ಸು ಇಪ್ಪತ್ತಮೂರು, ಬೆಳಗಿನಿಂದ ರಾತ್ರಿಯ ವರೆಗೆ ಮಾಡಲು ಕೆಲಸವಿಲ್ಲ, ನೋವಿಗೆ ಮಾತ್ರೆ. ಆ ಮಾತ್ರೆಗಳ ಚಟಕ್ಕೆ ಬಿದ್ದಿದ್ದನ್ನು ಅವನೇ ಮುಂದೆ ಹೇಳಿಕೊಂಡ. 2005ರಲ್ಲಿ ಮಾದಕ ವಸ್ತುಗಳ ನಿಯಮ ಮೀರಿದ್ದಕ್ಕೆ ನಾಲ್ಕು ಪಂದ್ಯಗಳ ನಿಷೇಧ; ಅಲ್ಲಿಗೆ ಆಟ ಮುಗಿಯಿತು. ಮೂರು ವರ್ಷಗಳಲ್ಲಿ ಒಟ್ಟು ಆಡಿದ್ದು ಹದಿನೈದು ಪಂದ್ಯ. 2019ರಲ್ಲಿ ಮೂವತ್ತೆಂಟನೆಯ ವಯಸ್ಸಿಗೇ ತೀರಿಕೊಂಡ.

ಊರಿನಿಂದ ಹೊಸದಾಗಿ ಬಂದ ಹುಡುಗ ಜ್ವರ ಹಿಡಿದು ಮಲಗಿದಾಗ, ನಮಗೇಕೆ ಜವಾಬ್ದಾರಿ ಎಂದು ಅವನನ್ನು ರೈಲು ಹತ್ತಿಸಿದವರು ನಮ್ಮಲ್ಲಿಯೂ ಇದ್ದಾರೆ. ಇದ್ದ ಒಂದೇ ಕೋಣೆಯ ಮೂಲೆಯಲ್ಲಿ ಚಾಪೆ ಹಾಕಿ, ಗಂಜಿ ಕಾಯಿಸಿ ಕೊಟ್ಟವರೂ ಇದ್ದಾರೆ. ಹಾಗೆ ಗಂಜಿ ಕುಡಿದು ಎದ್ದವರಲ್ಲಿ ಕೆಲವರು ಈಗ ಈ ಪತ್ರಿಕೆಯನ್ನು ಓದುತ್ತಿದ್ದಾರೆ. ಆದ್ದರಿಂದ ಈ ಮಾತನ್ನು ನಾನು ಹೆಚ್ಚು ಬೆಳೆಸಬೇಕಾಗಿಲ್ಲ.

ಕ್ಯಾಲ್ವಿನ್ ಜಾನ್‌ಸನ್ 2012ರಲ್ಲಿ ಒಂದೇ ಋತುವಿನಲ್ಲಿ 1,964 ಗಜ ಗಳಿಸಿ ದಾಖಲೆ ಮಾಡಿ, ದೇಹ ಸೋತು 2016ರಲ್ಲಿ ನಿವೃತ್ತನಾದ. 2009ರಲ್ಲಿ ಮೊಟ್ಟಮೊದಲ ಕರೆಗೆ ಬಂದ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್ ಹನ್ನೆರಡು ಋತು ಆಡಿ, ಪ್ಲೇಆಫಿನಲ್ಲಿ ಒಂದು ಗೆಲುವನ್ನೂ ಕಾಣದೆ ಲಾಸ್ ಏಂಜಲೀಸಿಗೆ ಹೋದ. ಹೋದ ಮೊದಲ ವರ್ಷವೇ ಅಲ್ಲಿ ಸೂಪರ್ ಬೌಲ್ ಗೆದ್ದ. ಆಟಗಾರನಲ್ಲಿ ಕೊರತೆಯಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

2021ರಲ್ಲಿ ಮನೆಯ ಆಡಳಿತ ಬದಲಾಯಿತು. ಆಯ್ಕೆಗೆ ಬ್ರ್ಯಾಡ್ ಹೋಮ್ಸ್, ತರಬೇತಿಗೆ ಡ್ಯಾನ್ ಕ್ಯಾಂಪ್‌ಬೆಲ್. ಅವರ ಮೊದಲ ಕರೆ, ಒಟ್ಟು ಏಳನೆಯದು, ಪನೇ ಸೂಯೆಲ್, ಗೋಡೆಗೆ ನಿಲ್ಲುವವನು. ಆ ಹೆಸರು ತಮ್ಮ ಪಾಲಿಗೆ ಉಳಿದಿದೆಯೆಂದು ತಿಳಿದಾಗ ಇಬ್ಬರೂ ಕೋಣೆಯಲ್ಲಿ ಮಕ್ಕಳಂತೆ ಕುಣಿದಾಡಿದ ಚಿತ್ರ ಉಂಟು. ರಿಸೀವರನನ್ನು ನಾಲ್ಕನೆಯ ಸುತ್ತಿನ ತನಕ ಮುಟ್ಟಲಿಲ್ಲ. 112ನೆಯವನಾಗಿ ಸಿಕ್ಕಿದ ಅಮಾನ್-ರಾ ಸೇಂಟ್ ಬ್ರೌನ್, ತನಗಿಂತ ಮುಂಚೆ ಕರೆಸಿಕೊಂಡ ಹದಿನಾರು ರಿಸೀವರುಗಳ ಹೆಸರನ್ನು ಬಾಯಿಪಾಠ ಮಾಡಿಟ್ಟುಕೊಂಡು ಆಡುವ ಹಠಮಾರಿ. ಎರಡೇ ವರ್ಷ ಕಳೆಯುವುದರೊಳಗೆ ದೇಶದ ಮೊದಲ ಸಾಲಿನವರಲ್ಲಿ ಒಬ್ಬನಾದ.

ಇವರೂ ಎಡವಲಿಲ್ಲವೆಂದಲ್ಲ. 2022ರಲ್ಲಿ ಹನ್ನೆರಡನೆಯ ಕರೆಗೆ ಜೇಮಿಸನ್ ವಿಲಿಯಮ್ಸ್ ಎಂಬ ರಿಸೀವರನನ್ನು ತಂದಾಗ ಅವನ ಮೊಣಕಾಲು ಆಗಲೇ ಕೆಟ್ಟಿತ್ತು. ಮೊದಲ ವರ್ಷ ಬಹುಪಾಲು ಕುಳಿತೇ ಕಳೆದ. ಮರುವರ್ಷ ಜೂಜಿನ ನಿಯಮ ಮೀರಿ ಶಿಕ್ಷೆ ತಿಂದ. 2024ರಲ್ಲಿ ನಿಷಿದ್ಧ ಔಷಧಿಯ ಕಾರಣಕ್ಕೆ ಇನ್ನೊಂದು. ಮತ್ತೊಬ್ಬ ರೋಜರ್ಸ್ ಬಂದನೆಂದು ಹಳಬರು ಹಣೆ ಚಚ್ಚಿಕೊಂಡರು. ತಂಡದವರು ಅವನ ಕೈಬಿಡಲಿಲ್ಲ. 2024ರಲ್ಲಿ, ಆ ಎರಡು ಪಂದ್ಯಗಳ ಶಿಕ್ಷೆಯ ನಡುವೆಯೂ, ಅವನು 1,001 ಗಜ ಗಳಿಸಿದ.

2024ರ ಜನವರಿ 14ರಂದು ಡೆಟ್ರಾಯಿಟಿಗೆ ಪ್ಲೇಆಫಿನಲ್ಲಿ ಎದುರು ಬಂದದ್ದು ಯಾರೆಂದುಕೊಂಡಿರಿ? ಅದೇ ಸ್ಟಾಫರ್ಡನ ಲಾಸ್ ಏಂಜಲೀಸ್ ತಂಡ. ಸಿಂಹಗಳು 24-23ರಿಂದ ಗೆದ್ದವು. ಮೂವತ್ತೆರಡು ವರ್ಷಗಳ ಬಳಿಕ ಮೊದಲ ಗೆಲುವು. ಇನ್ನೊಂದನ್ನೂ ಗೆದ್ದು, ಸೂಪರ್ ಬೌಲಿಗೆ ಒಂದೇ ಮೆಟ್ಟಿಲಿರುವಾಗ ಸ್ಯಾನ್ ಫ್ರಾನ್ಸಿಸ್ಕೋಗೆ 34-31ರಿಂದ ಸೋತವು. ಬೆಣ್ಣೆ ಬರುವ ಹೊತ್ತಿಗೆ ಮಡಕೆ ಒಡೆಯಿತೆಂದು ಊರಿನವರು ಅತ್ತರು. ಆದರೆ ಮೆರವಣಿಗೆ ಹೊರಡಿಸಲಿಲ್ಲ.

ಅದೇ ಏಪ್ರಿಲಿನಲ್ಲಿ ಡ್ರಾಫ್ಟ್ ಸಮಾರಂಭ ಡೆಟ್ರಾಯಿಟಿನಲ್ಲಿಯೇ ನಡೆಯಿತು. ಮೂರು ದಿನದಲ್ಲಿ ಸೇರಿದ ಜನ ಏಳೂಮುಕ್ಕಾಲು ಲಕ್ಷ. ಗೆದ್ದ ತಂಡವಾದ್ದರಿಂದ ಈ ಸಲ ಸಿಂಹಗಳಿಗೆ ಸರದಿ ತಡವಾಗಿ ಬಂತು. ತಮ್ಮದೇ ಊರಿನ ಅಷ್ಟು ಜನರೆದುರಿಗೆ ಅವರು ಕರೆದದ್ದು ಟೆರಿಯನ್ ಆರ್ನಲ್ಡ್ ಎಂಬ ಹುಡುಗನನ್ನು. ಅವನು ಚೆಂಡು ಹಿಡಿಯುವವನಲ್ಲ, ಹಿಡಿಯುವವರ ಬೆನ್ನು ಹತ್ತುವವನು.