ಹೆಸರು ಕಳೆದುಕೊಂಡ ಹಾಡು

ಮಕ್ಕಳೇ, ಕಳೆದ ವಾರ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನನ್ನ ಮೊಮ್ಮಗಳು ಜೋರಾಗಿ ಸಿಳ್ಳೆ ಹಾಕಿದಳು. "ಸಂಜೆ ಹೊತ್ತು ಮನೆಯೊಳಗೆ ಸಿಳ್ಳೆ ಹೊಡೀಬಾರದು ಕಣೇ!" ಎಂದು ಅವಳ ಅಜ್ಜಿ ಗದರಿದರು.

"ಇದು ಬಿಟಿಎಸ್ ಹಾಡು ಅಜ್ಜಿ. 2020ರಲ್ಲಿ ಅಮೆರಿಕದಲ್ಲೇ ನಂಬರ್ ಒನ್! ನಿಮ್ಮ ಕಾಲದಲ್ಲಿ ಏಷ್ಯಾದವರು ಯಾರಾದ್ರೂ ಹೀಗೆ ಗೆದ್ದಿದ್ರಾ ತಾತ?"

ಗೆದ್ದಿದ್ದರು. ಅದೂ ಸಿಳ್ಳೆ ಹಾಕಿಕೊಂಡೇ!

1963ರ ಜೂನ್ ತಿಂಗಳು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಮೂರು ವಾರ ಕುಳಿತದ್ದು ಪೂರ್ತಿ ಜಪಾನಿ ಭಾಷೆಯ ಹಾಡು. ಹಾಡಿದವರು ಕ್ಯು ಸಕಾಮೊಟೊ, ವಯಸ್ಸು 21. ರಾತ್ರಿ ಒಬ್ಬನೇ ನಡೆದುಹೋಗುವವನು ಕಣ್ಣೀರು ಕೆಳಗೆ ಬೀಳದಿರಲಿ ಎಂದು ತಲೆಯೆತ್ತಿ ನಡೆಯುತ್ತಾನೆ. ಅಷ್ಟೇ ಕಥೆ. ನಡುವೆ ಮಾತು ನಿಂತು ಬರೀ ಸಿಳ್ಳೆ ಕೇಳಿಸುತ್ತದೆ. ಎಲ್ಲರೂ ಅದನ್ನು ವಿರಹದ ಹಾಡೆಂದೇ ಕೇಳಿದರು. ಆದರೆ ಬರೆದ ರೊಕುಸುಕೆ ಎಯ್ ಅವರ ಮನಸ್ಸಿನಲ್ಲಿದ್ದದ್ದು ಬೇರೆ ನೋವು: ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ ನಡೆದ ಚಳವಳಿ ಸೋತಿತ್ತು. ಅದೇ ಹಾಡನ್ನು ಅಮೆರಿಕದವರು ತಲೆಯ ಮೇಲೆ ಹೊತ್ತು ಮೆರೆಸಿದರು ನೋಡಿ! ಎರಡು ದೇಶಗಳ ನಡುವಿನ ಯುದ್ಧ ಮುಗಿದು ಆಗಿನ್ನೂ 18 ವರ್ಷ.

ಹಾಡಿನ ನಿಜವಾದ ಹೆಸರು 'ಉಎ ವೊ ಮುಯಿತೆ ಅರುಕೊ'. ಮೇಲೆ ನೋಡುತ್ತ ನಡೆಯೋಣ ಎಂದು ಅರ್ಥ. ಇದು ನಮ್ಮವರ ಬಾಯಲ್ಲಿ ತಿರುಗುವುದಿಲ್ಲ ಎಂದು ಬ್ರಿಟನ್ನಿನ ರೆಕಾರ್ಡ್ ಕಂಪನಿಯೊಂದು 'ಸುಕಿಯಾಕಿ' ಎಂದು ಹೆಸರಿಟ್ಟಿತು. ಸುಕಿಯಾಕಿ ಎಂದರೆ ತೆಳ್ಳಗೆ ಕತ್ತರಿಸಿದ ದನದ ಮಾಂಸ, ತರಕಾರಿ, ಸೋಯಾ ಸಾಸು, ಸಕ್ಕರೆ ಹಾಕಿ ಬೇಯಿಸುವ ಅಡುಗೆ! ಹಾಡಿನಲ್ಲಿ ಆ ಮಾತೇ ಇಲ್ಲ.

"ಅಳೋ ಹಾಡಿಗೆ ಬಿಸಿಬೇಳೆಬಾತ್ ಅಂತ ಹೆಸರಿಟ್ಟ ಹಾಗೆ!" ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ನಾನೂ ನಕ್ಕೆ, ಸ್ವಲ್ಪ ಕಡಿಮೆ. ಮುಂಬಯಿಯಲ್ಲಿ ಕೆಲಸಕ್ಕಿದ್ದಾಗ ಮೇಲಧಿಕಾರಿಯೊಬ್ಬರು ನನ್ನ ಹೆಸರು ಉದ್ದವಾಯಿತೆಂದು 'ರಾಜು' ಎಂದು ಕೂಗಿದರು. ಹನ್ನೊಂದು ವರ್ಷ ಅದಕ್ಕೇ ಓಗೊಟ್ಟೆ. ನನ್ನ ಅಪ್ಪ ಒಮ್ಮೆ ನೋಡಲು ಬಂದಾಗ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲವೆಂದು ಬಾಗಿಲಿಂದಲೇ ವಾಪಸು ಕಳಿಸಿದ್ದರು.

ಸಕಾಮೊಟೊ 1985ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 43.

ಮೊಬೈಲಿನಲ್ಲಿ ಹಾಡು ಹಾಕಿದೆವು. ಸಿಳ್ಳೆ ಬಂದಾಗ ಅಜ್ಜಿ ಗದರಲಿಲ್ಲ. ಮುಗಿದ ಮೇಲೆ ಮೊಮ್ಮಗಳು, "ತಾತ, ಅದರ ನಿಜವಾದ ಹೆಸರು ಇನ್ನೊಂದ್ಸಲ ಹೇಳಿ, ನಿಧಾನಕ್ಕೆ," ಎಂದು ಪೆನ್ನು ತಂದಳು.